ನಮ್ಮ ಬಾಯಿಯ ಲೆಕ್ಕ ನಮ್ಮಲ್ಲಿಲ್ಲ

ಮಾಕಳಿಯಿಂದ ಯಶವಂತಪುರದ ಕಡೆಗೆ ಹೋಗುವ ತುಮಕೂರು ರಸ್ತೆಯಲ್ಲಿ ಔಷಧಿ ಅಂಗಡಿಗಳಿಗೆ ಕೊರತೆಯಿಲ್ಲ. ಕಳೆದ ಮಳೆಗಾಲದ ಒಂದು ಸಂಜೆ ನನ್ನ ಎಡ ದವಡೆಯ ವಸಡು ಬಾತುಕೊಂಡು ನೋವು ತಡೆಯಲಾಗದೆ ಹೋದಾಗ ಅಂಥದೊಂದು ಅಂಗಡಿಯ ಮುಂದೆ ನಿಂತೆ. ಕೌಂಟರಿನಲ್ಲಿದ್ದ ಹುಡುಗ ನನ್ನ ಕೆನ್ನೆಯನ್ನು ನೋಡಿದನೇ ಹೊರತು ವೈದ್ಯರ ಚೀಟಿಯನ್ನು ಕೇಳಲಿಲ್ಲ. ‘ಮೂರು ದಿನಕ್ಕೆ ಕೊಡ್ಲಾ ಸಾರ್, ಐದು ದಿನಕ್ಕಾ?’ ಎಂದ. ಅಮಾಕ್ಸಿಸಿಲಿನ್, ಮೆಟ್ರೊನಿಡಜೋಲ್, ಜೊತೆಗೊಂದು ನೋವಿನ ಮಾತ್ರೆ. ಐದು ದಿನಕ್ಕೆಂದು ಕೊಂಡು ಎರಡು ದಿನ ನುಂಗಿದೆ. ನೋವು ಇಳಿದ ಮೇಲೆ ಉಳಿದದ್ದನ್ನು ಮೇಜಿನ ಡ್ರಾಯರಿಗೆ ಹಾಕಿದೆ. ಆರು ತಿಂಗಳಲ್ಲಿ ಇದೇ ಕಥೆ ಮೂರು ಸಲ ನಡೆಯಿತು. ಮೂರನೆಯ ಸಲ ಮಾತ್ರೆಗೆ ನೋವು ಬಗ್ಗಲಿಲ್ಲ. ಕೊನೆಗೆ ಹಲ್ಲಿನ ವೈದ್ಯರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಬೇಕಾಯಿತು. ಹಲ್ಲಿನ ಬುಡದಲ್ಲಿ ಕಟ್ಟಿದ ಪಾಚಿಯನ್ನು ಕೆರೆದು ತೆಗೆಯುವುದೇ ಇದಕ್ಕೆ ಮೊದಲ ಚಿಕಿತ್ಸೆಯೆಂದೂ, ಅದನ್ನು ಬಿಟ್ಟು ಮಾತ್ರೆ ನುಂಗುವುದು ಮೋರಿಯನ್ನು ಹಾಗೆಯೇ ಬಿಟ್ಟು ಸೊಳ್ಳೆಯನ್ನು ಹೊಡೆದಂತೆ ಎಂದೂ ಅವರು ತಿಳಿಹೇಳಿದರು.

ಈ ಪ್ರಸಂಗವನ್ನು ಬರೆಯಲು ಸಂಕೋಚವಾಗುತ್ತದೆ. ಆ ಎರಡೂ ಆಂಟಿಬಯೋಟಿಕ್‌ಗಳು ನಮ್ಮ ಔಷಧ ನಿಯಮಗಳ ‘ಎಚ್’ ಅನುಸೂಚಿಗೆ ಸೇರಿದವು; ನೋಂದಾಯಿತ ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಸೇವೆಯಲ್ಲಿದ್ದಷ್ಟು ಕಾಲ ನಿಯಮಪಾಲನೆಯ ಬಗ್ಗೆ ಸುತ್ತೋಲೆಗಳಿಗೆ ಸಹಿ ಹಾಕಿದ ಕೈಯೇ ಚೀಟಿಯಿಲ್ಲದೆ ಮಾತ್ರೆ ಕೊಂಡಿತು. ನನ್ನ ಸಂಕೋಚಕ್ಕೆ ಇನ್ನೂ ಒಂದು ಕಾರಣವಿದೆ. ಬಾಯಿಯ ರೋಗ ಬಾಯಿಯಲ್ಲೇ ನಿಲ್ಲುವುದಿಲ್ಲ ಎಂಬುದನ್ನು ನಾನು ಮನೆಯಲ್ಲೇ ಕಂಡವನು.

ನನ್ನ ಅಕ್ಕನಿಗೆ ಬಾಲ್ಯದಲ್ಲಿ ಬಂದಿದ್ದ ರುಮ್ಯಾಟಿಕ್ ಜ್ವರದಿಂದ ಹೃದಯದ ಒಂದು ಕವಾಟ ಹಾಳಾಗಿತ್ತು. ಹತ್ತು ವರ್ಷಗಳ ಹಿಂದೆ ಅವರಿಗೆ ದಿನವೂ ಸಂಜೆ ಜ್ವರ ಬರತೊಡಗಿತು. ಟೈಫಾಯ್ಡ್ ಎಂದರು, ಕ್ಷಯವಿರಬಹುದೆಂದರು. ಕೊನೆಗೆ ರಕ್ತವನ್ನು ಪರೀಕ್ಷೆಗೆ ಕಳುಹಿಸಿದ ಹೃದ್ರೋಗ ತಜ್ಞರು ಕೇಳಿದ ಪ್ರಶ್ನೆ ನಮಗೆ ವಿಚಿತ್ರವೆನಿಸಿತು: ‘ಈಚೆಗೆ ಹಲ್ಲು ಕೀಳಿಸಿದ್ದರೇ? ವಸಡಿನಲ್ಲಿ ರಕ್ತ ಬರುತ್ತಿತ್ತೇ?’ ಬರುತ್ತಿತ್ತು, ಯಾರೂ ಅದನ್ನು ಕಾಯಿಲೆಯೆಂದು ಎಣಿಸಿರಲಿಲ್ಲ. ಬಾಯಿಯಲ್ಲಿ ನಿರಪಾಯಕಾರಿಯಾಗಿ ಬದುಕುವ ಒಂದು ಬಗೆಯ ಸ್ಟ್ರೆಪ್ಟೊಕಾಕಸ್ ವಸಡಿನ ಗಾಯದ ಮೂಲಕ ರಕ್ತಕ್ಕಿಳಿದು ಕವಾಟದ ಮೇಲೆ ಮನೆ ಕಟ್ಟಿತ್ತು. ಆರು ವಾರ ಆಸ್ಪತ್ರೆಯಲ್ಲಿ ನಾಳದ ಮೂಲಕ ಪೆನಿಸಿಲಿನ್ ಕೊಟ್ಟರು. ಅಕ್ಕ ಉಳಿದರು. ಅವರು ಉಳಿದದ್ದು ಆ ಸೂಕ್ಷ್ಮಜೀವಿಗೆ ಪೆನಿಸಿಲಿನ್ ಇನ್ನೂ ನಾಟುತ್ತಿದ್ದುದರಿಂದ. ನಾಟದೇ ಹೋಗಿದ್ದರೆ? ಈ ಪ್ರಶ್ನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ನಾನು ಅರ್ಥಶಾಸ್ತ್ರದ ವಿದ್ಯಾರ್ಥಿ. ವೈದ್ಯನಲ್ಲ, ಜೀವವಿಜ್ಞಾನಿಯೂ ಅಲ್ಲ. ಆದರೆ ನಿವೃತ್ತನಿಗೆ ಓದಲು ಸಮಯವಿರುತ್ತದೆ. ಹಲ್ಲಿನ ವೈದ್ಯರ ಕುರ್ಚಿಯಿಂದ ಎದ್ದು ಬಂದ ಮೇಲೆ ಬಾಯಿಯ ಬಗ್ಗೆ ಓದುತ್ತ ಹೋದಾಗ, ನಾನು ಅದುವರೆಗೆ ಕೇಳಿಯೇ ಇರದ ಒಂದು ಜೀವಿಸಮುದಾಯದ ಪರಿಚಯವಾಯಿತು. ಅದರ ಬಗ್ಗೆ ವಿಜ್ಞಾನಿಗಳಿಗೆ ಏನು ಗೊತ್ತು, ನಮ್ಮ ಜನರ ಬಾಯಿಯ ಬಗ್ಗೆ ಏನು ಗೊತ್ತಿಲ್ಲ, ಈ ಅಜ್ಞಾನಕ್ಕೆ ನಾವು ತೆರಬೇಕಾದ ಬೆಲೆಯೇನು ಎಂಬುದೇ ಈ ಲೇಖನದ ವಿಷಯ.

ಬ್ಯಾಕ್ಟೀರಿಯಾಗಳಿಂದ ನಮಗೆ ರೋಗ ಬರುವಂತೆ ಬ್ಯಾಕ್ಟೀರಿಯಾಗಳಿಗೂ ರೋಗ ಬರುತ್ತದೆ. ಅವುಗಳಿಗೆ ರೋಗ ತರುವ ವೈರಸ್ಸುಗಳನ್ನು ಬ್ಯಾಕ್ಟೀರಿಯೊಫೇಜ್ ಅಥವಾ ಸಂಕ್ಷಿಪ್ತವಾಗಿ ಫೇಜ್ ಎನ್ನುತ್ತಾರೆ. ಬ್ಯಾಕ್ಟೀರಿಯಾಗಳನ್ನು ತಿನ್ನುವಂಥದು ಎಂಬುದು ಆ ಹೆಸರಿನ ಅರ್ಥ. ಇಂಗ್ಲೆಂಡಿನ ಫ್ರೆಡರಿಕ್ ಟ್ವೋರ್ಟ್ 1915ರಲ್ಲಿ, ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ಫೆಲಿಕ್ಸ್ ಡಿ’ಹೆರೆಲ್ 1917ರಲ್ಲಿ ಇವುಗಳನ್ನು ಗುರುತಿಸಿದರು. ಇವು ಮನುಷ್ಯನ ಜೀವಕೋಶಕ್ಕೆ ಸೋಂಕು ತಗುಲಿಸಲಾರವು. ಪ್ರತಿಯೊಂದು ಫೇಜ್‌ಗೂ ತನಗೆ ಒಗ್ಗುವ ಕೆಲವೇ ಬಗೆಯ ಬ್ಯಾಕ್ಟೀರಿಯಾಗಳುಂಟು. ತನ್ನ ಬೀಗಕ್ಕಷ್ಟೇ ಹೊಂದುವ ಕೀಲಿಕೈಯ ಹಾಗೆ. ಬ್ಯಾಕ್ಟೀರಿಯಾದ ಮೈಗೆ ಅಂಟಿಕೊಂಡು ತನ್ನ ವಂಶವಾಹಿಯನ್ನು ಒಳಗೆ ಚುಚ್ಚಿ, ಅದರ ಯಂತ್ರೋಪಕರಣಗಳಿಂದಲೇ ತನ್ನ ನಕಲುಗಳನ್ನು ಮಾಡಿಸಿಕೊಂಡು, ಕೊನೆಗೆ ಅದನ್ನು ಒಡೆದು ಹೊರಬರುವುದು ಇವುಗಳ ಒಂದು ಜೀವನಕ್ರಮ.

ಮನುಷ್ಯನ ಬಾಯಲ್ಲಿ 700ಕ್ಕೂ ಹೆಚ್ಚು ಬಗೆಯ ಬ್ಯಾಕ್ಟೀರಿಯಾಗಳಿವೆ. ಅವುಗಳನ್ನು ಮೊದಲು ಕಂಡವನು ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಆಂಟನಿ ವಾನ್ ಲೇವನ್‌ಹುಕ್. ತನ್ನ ಹಲ್ಲಿನ ಪಾಚಿಯನ್ನೇ ಕೆರೆದು ಮಸೂರದಡಿ ನೋಡಿದ ಆತ 1683ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಆ ಬಗ್ಗೆ ಪತ್ರ ಬರೆದ. ಆತನ ಮಸೂರಕ್ಕೆ ಫೇಜ್‌ಗಳು ಕಾಣುವಂತಿರಲಿಲ್ಲ. ಅವುಗಳ ಎಣಿಕೆ ಬಾಯಿಯೊಳಗೆ ನಡೆದದ್ದು ತೀರ ಈಚೆಗೆ. ಅಮೆರಿಕದ ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಪ್ರೈಡ್ ಮತ್ತು ಸಂಗಡಿಗರು ಆರೋಗ್ಯವಂತರಾದ ಐವರ ಜೊಲ್ಲನ್ನು ಎರಡು ಮೂರು ತಿಂಗಳ ಕಾಲ ಮತ್ತೆ ಮತ್ತೆ ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕ್ಷೇತ್ರದ ಮುಖ್ಯ ಮೈಲಿಗಲ್ಲುಗಳಲ್ಲಿ ಒಂದು. ಒಂದು ಮಿಲಿಲೀಟರ್ ಜೊಲ್ಲಿನಲ್ಲಿ ಸುಮಾರು 10 ಕೋಟಿ ವೈರಸ್ ಕಣಗಳಿರುತ್ತವೆ. ಅವುಗಳಲ್ಲಿ ಬಹುಪಾಲು ಫೇಜ್‌ಗಳೇ. ದಿನಕ್ಕೆ ಒಂದು ಲೀಟರಿನಷ್ಟು ಜೊಲ್ಲನ್ನು ನುಂಗುವ ನಾವು, ಜೊತೆಗೆ ಸುಮಾರು ಹತ್ತು ಸಾವಿರ ಕೋಟಿ ವೈರಸ್ ಕಣಗಳನ್ನೂ ನುಂಗುತ್ತೇವೆ. ನಮಗೆ ಏನೂ ಆಗುವುದಿಲ್ಲ.

ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಈ ವೈರಸ್ಸುಗಳು ಬಂದು ಹೋಗುವ ಅತಿಥಿಗಳಲ್ಲ, ಕಾಯಂ ನಿವಾಸಿಗಳು. ಒಬ್ಬರ ಬಾಯಿಯ ಸಮುದಾಯ ಇನ್ನೊಬ್ಬರದರಂತಿಲ್ಲ. ತಿಂಗಳುಗಳು ಕಳೆದರೂ ಅದರ ಬಹುಭಾಗ ಹಾಗೆಯೇ ಉಳಿಯುತ್ತದೆ. ಒಂದೇ ಮನೆಯಲ್ಲಿ ವಾಸಿಸುವವರ ಬಾಯಿಗಳಲ್ಲಿ ಮಾತ್ರ ಸಾಮ್ಯ ಹೆಚ್ಚು ಎಂದು ಅದೇ ತಂಡ 2013ರಲ್ಲಿ ತೋರಿಸಿತು. ಮರುವರ್ಷ ಪ್ರಕಟವಾದ ಇನ್ನೊಂದು ಅಧ್ಯಯನ, ವಸಡಿನ ರೋಗವಿರುವವರ ಹಲ್ಲಿನ ಪಾಚಿಯಲ್ಲಿನ ವೈರಸ್ ಸಮುದಾಯ ಆರೋಗ್ಯವಂತರದಕ್ಕಿಂತ ಬೇರೆಯಾಗಿರುವುದನ್ನು ಕಂಡಿತು. ವೈರಸ್ಸಿನ ಬದಲಾವಣೆಯಿಂದ ರೋಗ ಬಂತೋ, ರೋಗ ಬಂದುದರಿಂದ ವೈರಸ್ ಬದಲಾಯಿತೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.

ಇಲ್ಲಿಯೇ ನನ್ನ ಮೊದಲ ತಕರಾರು ಹುಟ್ಟುವುದು. ‘ಒಂದೇ ಮನೆಯವರಲ್ಲಿ ಸಾಮ್ಯ’ ಎಂಬುದು ಸ್ಯಾನ್ ಡಿಯಾಗೊದ ಮನೆಗಳ ಮಾತು. ನಮ್ಮ ಮನೆಗಳಿಗೂ ಅದು ಅನ್ವಯಿಸುತ್ತದೆಯೇ? ನಮ್ಮಲ್ಲಿ ಎಂಜಲು ಎಂಬುದೊಂದು ದೊಡ್ಡ ಕಟ್ಟಳೆ. ಲೋಟವನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುವವರು, ಒಬ್ಬರು ಕಚ್ಚಿದ ಹಣ್ಣನ್ನು ಇನ್ನೊಬ್ಬರು ಮುಟ್ಟದವರು ಇಂದಿಗೂ ಇದ್ದಾರೆ. ಇನ್ನೊಂದೆಡೆ, ತಾತ ಅಗಿದ ಎಲೆಯಡಿಕೆಯ ತುಣುಕಿಗೆ ಕೈ ಚಾಚಿದ ಮೊಮ್ಮಕ್ಕಳೂ ಇದ್ದಾರೆ. ಎಂಜಲಿನ ಕಟ್ಟಳೆ ಇರುವ ಮನೆಯಲ್ಲಿ ಬಾಯಿಯ ವೈರಸ್ಸುಗಳು ಹಂಚಿಹೋಗುವ ಬಗೆ ಬೇರೆಯೇ? ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು. ಅಡಿಕೆ, ಸುಣ್ಣ, ಹೊಗೆಸೊಪ್ಪು ದಿನವಿಡೀ ಅಗಿಯುವ ಬಾಯಲ್ಲಿ ಬದುಕುವ ಬ್ಯಾಕ್ಟೀರಿಯಾಗಳು ಯಾವುವು, ಅವುಗಳನ್ನು ತಿನ್ನುವ ಫೇಜ್‌ಗಳು ಯಾವುವು? ಅಮೆರಿಕದ ಐವರ ಜೊಲ್ಲಿನಲ್ಲಿ ಇದಕ್ಕೆ ಉತ್ತರವಿರಲು ಸಾಧ್ಯವಿಲ್ಲ.

ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ಫೇಜ್‌ಗಳಿಗೆ ಇನ್ನೊಂದು ಮುಖವಿದೆ. ಎಲ್ಲ ಫೇಜ್‌ಗಳೂ ಬ್ಯಾಕ್ಟೀರಿಯಾವನ್ನು ಕೂಡಲೇ ಕೊಲ್ಲುವುದಿಲ್ಲ. ಕೆಲವು ತಮ್ಮ ವಂಶವಾಹಿಯನ್ನು ಬ್ಯಾಕ್ಟೀರಿಯಾದ ವಂಶವಾಹಿಯೊಳಗೇ ಹೊಲಿದುಕೊಂಡು, ತಲೆಮಾರುಗಳ ಕಾಲ ಸುಮ್ಮನೆ ಮಲಗಿರುತ್ತವೆ. ಬಾಯಿಯ ಫೇಜ್‌ಗಳಲ್ಲಿ ಇಂಥವು ಬಹಳ. ಹೀಗೆ ಮನೆಸೇರಿದ ಅತಿಥಿ ಬಾಡಿಗೆಯನ್ನೂ ಕೊಡುತ್ತದೆ. ಆ ಬಾಡಿಗೆ ಕೆಲವೊಮ್ಮೆ ನಮ್ಮ ಪಾಲಿಗೆ ವಿಷ. ಗಂಟಲಮಾರಿಯ ಬ್ಯಾಕ್ಟೀರಿಯಾ ವಿಷವನ್ನು ಉತ್ಪಾದಿಸುವುದು ಅದರೊಳಗೆ ಸೇರಿಕೊಂಡ ಫೇಜ್‌ನಿಂದ ಎಂಬ ಸತ್ಯಕ್ಕೆ ದಾರಿ ತೆರೆದ ಪ್ರಯೋಗ 1951ರಲ್ಲಿ ಪ್ರಕಟವಾಯಿತು. ಕಾಲರಾದ ವಿಷವನ್ನು ಕಲ್ಕತ್ತೆಯ ಶಂಭುನಾಥ್ ಡೇ 1959ರಲ್ಲಿ ಪ್ರಯೋಗದಿಂದ ತೋರಿಸಿಕೊಟ್ಟರು. ಆ ವಿಷದ ವಂಶವಾಹಿಯನ್ನು ಹೊತ್ತು ತಂದದ್ದೂ ಒಂದು ಫೇಜ್ ಎಂದು 1996ರಲ್ಲಿ ತಿಳಿಯಿತು.

ಬಾಯಿಯ ವಿಷಯದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಉದಾಹರಣೆ ಸ್ಟ್ರೆಪ್ಟೊಕಾಕಸ್ ಮೈಟಿಸ್ ಎಂಬ ಬ್ಯಾಕ್ಟೀರಿಯಾದ್ದು. ಆರೋಗ್ಯವಂತ ಬಾಯಲ್ಲೂ ಇರುವ ಇದರ ಒಂದು ತಳಿಯೊಳಗೆ ಮಲಗಿರುವ ಫೇಜ್, ಬ್ಯಾಕ್ಟೀರಿಯಾಕ್ಕೆ ಎರಡು ಪ್ರೋಟೀನುಗಳನ್ನು ಒದಗಿಸುತ್ತದೆ. ಆ ಪ್ರೋಟೀನುಗಳ ನೆರವಿನಿಂದ ಬ್ಯಾಕ್ಟೀರಿಯಾ ರಕ್ತದ ಕಿರುಬಿಲ್ಲೆಗಳಿಗೆ ಅಂಟಿಕೊಳ್ಳುತ್ತದೆ. ಹಾಗೆ ಅಂಟಿಕೊಳ್ಳುವ ಶಕ್ತಿಯೇ ಹೃದಯದ ಕವಾಟದ ಮೇಲೆ ಸೋಂಕು ಬೇರೂರಲು ನೆರವಾಗುವ ಕಾರಣಗಳಲ್ಲಿ ಒಂದು. ಅಕ್ಕನ ರಕ್ತದಲ್ಲಿ ಸಿಕ್ಕ ಬ್ಯಾಕ್ಟೀರಿಯಾದೊಳಗೆ ಅಂಥ ಫೇಜ್ ಇತ್ತೇ ಇಲ್ಲವೇ ಎಂಬುದನ್ನು ಯಾರೂ ನೋಡಲಿಲ್ಲ. ನೋಡುವ ಪರಿಪಾಠವೂ ಇಲ್ಲ. ಆದರೆ ಬಾಯಿಯ ಬ್ಯಾಕ್ಟೀರಿಯಾ ಸಾಧುವೋ ಕ್ರೂರಿಯೋ ಎಂಬುದನ್ನು ಅದರ ಹೆಸರಿನಿಂದಷ್ಟೇ ತೀರ್ಮಾನಿಸಲಾಗದು, ಅದರೊಳಗೆ ಯಾವ ವೈರಸ್ ಮಲಗಿದೆ ಎಂಬುದನ್ನೂ ಕೇಳಬೇಕು ಎಂಬಷ್ಟು ಪಾಠ ಇದರಲ್ಲಿದೆ.

ಮಲಗಿದ್ದವನ್ನು ಎಬ್ಬಿಸುವ ಕೆಲಸವನ್ನು ಕೆಲವೊಮ್ಮೆ ನಾವೇ ಮಾಡುತ್ತೇವೆ. ಸಿಪ್ರೊಫ್ಲಾಕ್ಸಾಸಿನ್‌ನಂಥ ಕೆಲವು ಆಂಟಿಬಯೋಟಿಕ್‌ಗಳು ಬ್ಯಾಕ್ಟೀರಿಯಾದ ವಂಶವಾಹಿಗೆ ಪೆಟ್ಟು ಕೊಟ್ಟಾಗ ಅದರೊಳಗಿನ ಫೇಜ್ ಎಚ್ಚೆತ್ತು, ನಕಲುಗಳನ್ನು ಮಾಡಿಕೊಂಡು ಹೊರಬೀಳಬಲ್ಲದು. ಹಾಗೆ ಹೊರಬೀಳುವಾಗ ಹಳೆಯ ಮನೆಯ ಒಂದಿಷ್ಟು ಸಾಮಾನನ್ನು ಹೊಸ ಮನೆಗೆ ಸಾಗಿಸುವ ಸಾಧ್ಯತೆಯೂ ಉಂಟು. ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಂಡ ಮಾತ್ರೆ ಬಾಯಿಯೊಳಗೆ ಏನೆಲ್ಲ ಮಾಡುತ್ತದೆ ಎಂಬುದು ಕೊಟ್ಟ ಹುಡುಗನಿಗೂ ಗೊತ್ತಿಲ್ಲ, ನುಂಗಿದ ನನಗೂ ಗೊತ್ತಿರಲಿಲ್ಲ.

ಹಾಗೆಂದು ಫೇಜ್‌ಗಳನ್ನು ಶತ್ರುಗಳೆಂದು ಬಗೆಯುವುದೂ ತಪ್ಪು. ಆಂಟಿಬಯೋಟಿಕ್‌ಗಳಿಗೆ ಬಗ್ಗದ ಬ್ಯಾಕ್ಟೀರಿಯಾಗಳಿಂದ 2019ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ನೇರವಾಗಿ 12.7 ಲಕ್ಷ ಜನ ಸತ್ತರೆಂದು 2022ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಅಂದಾಜಿಸಿತು. ಹೊಸ ಆಂಟಿಬಯೋಟಿಕ್‌ಗಳ ಹುಟ್ಟು ಕ್ಷೀಣಿಸಿರುವ ಈ ಕಾಲದಲ್ಲಿ ಕೊಲ್ಲುವ ಬಗೆಯ ಫೇಜ್‌ಗಳನ್ನೇ ಔಷಧಿಯಾಗಿ ಬಳಸುವ ಹಳೆಯ ವಿದ್ಯೆಗೆ ಮತ್ತೆ ಜೀವ ಬಂದಿದೆ. ಹಲ್ಲಿನ ಬೇರಿನ ಚಿಕಿತ್ಸೆ ವಿಫಲವಾಗಲು ಅನೇಕ ವೇಳೆ ಕಾರಣವಾಗುವ ಎಂಟೆರೊಕಾಕಸ್ ಫೀಕಾಲಿಸ್ ಎಂಬ ಹಟಮಾರಿ ಬ್ಯಾಕ್ಟೀರಿಯಾವನ್ನು ಕೊಲ್ಲುವ ಫೇಜೊಂದನ್ನು ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದವರು ಆ ಊರಿನ ಚರಂಡಿ ನೀರಿನಲ್ಲೇ ಹುಡುಕಿ, ಕಿತ್ತ ಹಲ್ಲುಗಳ ಮೇಲೆ ಪರೀಕ್ಷಿಸಿ 2015ರಲ್ಲಿ ವರದಿ ಮಾಡಿದರು. ಇದಿನ್ನೂ ಪ್ರಯೋಗಾಲಯದ ಮಾತು. ನಾಳೆ ಯಾರಾದರೂ ‘ಫೇಜ್ ಟೂತ್‌ಪೇಸ್ಟ್’ ಎಂದು ಜಾಹೀರಾತು ಕೊಟ್ಟರೆ ಓದುಗರು ಮರುಳಾಗಬೇಕಾಗಿಲ್ಲ.

ಈ ವಿದ್ಯೆಗೂ ನಮ್ಮ ದೇಶಕ್ಕೂ ಹಳೆಯ ನಂಟಿದೆ. ಗಂಗೆ ಯಮುನೆಗಳ ನೀರಿನಲ್ಲಿ ಕಾಲರಾದ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಏನೋ ಇದೆಯೆಂದೂ, ನೀರನ್ನು ಕುದಿಸಿದರೆ ಆ ಗುಣ ಹೊರಟುಹೋಗುತ್ತದೆಯೆಂದೂ ಆಗ್ರಾದಲ್ಲಿದ್ದ ಅರ್ನೆಸ್ಟ್ ಹ್ಯಾಂಕಿನ್ 1896ರಲ್ಲೇ ಬರೆದ. ಅದು ಫೇಜ್‌ನದೇ ಕೆಲಸವಿರಬೇಕೆಂದು ಅನೇಕರು ನಂತರ ಊಹಿಸಿದರು. ಡಿ’ಹೆರೆಲ್ ಸ್ವತಃ 1927ರಲ್ಲಿ ಭಾರತಕ್ಕೆ ಬಂದು ಕಾಲರಾ ರೋಗಿಗಳಿಗೆ ಫೇಜ್ ಕೊಟ್ಟು ನೋಡಿದ. ಬಳಿಕ ಪಟ್ನಾ ಮತ್ತು ಅಸ್ಸಾಮುಗಳಲ್ಲಿ ಸರ್ಕಾರದ ಆಶ್ರಯದಲ್ಲೇ ಪ್ರಯೋಗಗಳು ನಡೆದವು. ಪೆನಿಸಿಲಿನ್ ಬಂದ ಮೇಲೆ ಎಲ್ಲವೂ ಮರೆಗೆ ಸರಿಯಿತು. ಜಾರ್ಜಿಯಾದ ಟಿಬಿಲಿಸಿಯಲ್ಲಿ 1923ರಲ್ಲಿ ಆರಂಭವಾದ ಸಂಸ್ಥೆ ಮಾತ್ರ ಈ ವಿದ್ಯೆಯನ್ನು ಬಿಡದೆ ಉಳಿಸಿಕೊಂಡಿತು. ಭಾರತದ ರೋಗಿಗಳೂ ಈಗ ಅಲ್ಲಿಗೆ ಹೋಗಿ ಬರುತ್ತಿದ್ದಾರೆ.

ನಮ್ಮ ತುಮಕೂರು ರಸ್ತೆಗೂ ಈ ಕಥೆಯಲ್ಲೊಂದು ಪಾತ್ರವಿದೆ. ಔಷಧಿ ತಯಾರಿಕೆ ಈ ರಸ್ತೆಗೆ ಹೊಸದಲ್ಲ. ಮಾಕಳಿಯಲ್ಲಿ ಹಿಮಾಲಯ ಕಂಪನಿ ಬಹುಕಾಲದಿಂದ ಗಿಡಮೂಲಿಕೆಗಳ ಔಷಧಿಗಳನ್ನು ತಯಾರಿಸುತ್ತ ಬಂದಿದೆ. 2024ರ ನವೆಂಬರಿನಲ್ಲಿ ಮೆಟ್ರೊ ಮಾದಾವರದವರೆಗೆ ಬಂದ ಮೇಲೆ ಮಾಕಳಿಯವರಿಗೆ ಇನ್ನಷ್ಟು ಹತ್ತಿರವಾಗಿರುವ ಯಶವಂತಪುರದಲ್ಲಿ, ರಾಘವೇಂದ್ರ ಬಡಾವಣೆಯಲ್ಲಿ, ಗಂಗಾಜೆನ್ ಎಂಬ ಸಣ್ಣ ಕಂಪನಿಯ ಪ್ರಯೋಗಾಲಯದಲ್ಲಿ ಫೇಜ್‌ಗಳ ಬಗ್ಗೆ ಗಂಭೀರ ಸಂಶೋಧನೆ ನಡೆಯಿತು. ಬೆಂಗಳೂರಿನ ಆಸ್ಟ್ರಾ ಸಂಶೋಧನಾ ಕೇಂದ್ರವನ್ನು ಮುನ್ನಡೆಸಿದ್ದ ಡಾ. ಜೆ. ರಾಮಚಂದ್ರನ್ 2000ದಲ್ಲಿ ಇದನ್ನು ಸ್ಥಾಪಿಸಿದರು. ಹೆಸರಿನಲ್ಲಿರುವ ಗಂಗೆ ಹ್ಯಾಂಕಿನ್ ಕಂಡ ಗಂಗೆಯೇ. ಫೇಜ್‌ನ ಬಾಲದಲ್ಲಿರುವ, ಬ್ಯಾಕ್ಟೀರಿಯಾದ ಗೋಡೆಯನ್ನು ಕರಗಿಸುವ ಕಿಣ್ವದ ಒಂದು ಭಾಗವನ್ನು ಬೇರೊಂದು ಪ್ರೋಟೀನಿನ ತುಣುಕಿನೊಂದಿಗೆ ಜೋಡಿಸಿ ಅವರು ‘ಪಿ128’ ಎಂಬ ಹೊಸ ಪ್ರೋಟೀನನ್ನು ರೂಪಿಸಿದರು. ಮೂಗಿನಲ್ಲಿ ನೆಲೆಸುವ ಸ್ಟೆಫಿಲೊಕಾಕಸ್ ಆರಿಯಸ್ ಅದರ ಗುರಿ. 2011–12ರಲ್ಲಿ ಅದರ ಬಗ್ಗೆ ಅಂತರರಾಷ್ಟ್ರೀಯ ಪತ್ರಿಕೆಗಳಲ್ಲಿ ಪ್ರಬಂಧಗಳು ಪ್ರಕಟವಾದವು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನ್ನ ಗಮನ ಸೆಳೆದದ್ದು ಇಲ್ಲಿನ ಒಂದು ಸೂಕ್ಷ್ಮ. ಆ ಔಷಧಿಯ ರೂಪ ಇಡೀ ಫೇಜ್ ಅಲ್ಲ, ಫೇಜ್‌ನಿಂದ ಪಡೆದ ಪ್ರೋಟೀನು. ಪ್ರಕೃತಿಯಲ್ಲಿ ಸಿಗುವ ಫೇಜ್ ಮೇಲೆ ಪೇಟೆಂಟ್ ಪಡೆಯುವುದು ಕಷ್ಟ. ಒಂದು ಫೇಜ್ ಕೆಲವೇ ತಳಿಗಳಿಗೆ ಮಾತ್ರ ನಾಟುವುದರಿಂದ ಮಾರುಕಟ್ಟೆ ಸಣ್ಣದು. ರೋಗಿ ಕೆಲವೇ ದಿನ ಬಳಸಿ ಗುಣವಾದರೆ ಮತ್ತೆ ಕೊಳ್ಳುವವರಿಲ್ಲ. ಇಂಥ ವಸ್ತುವಿಗೆ ಬಂಡವಾಳ ಹೂಡುವವರು ವಿರಳ. ಮನುಷ್ಯನೇ ಜೋಡಿಸಿದ ಪ್ರೋಟೀನಿಗಾದರೆ ಪೇಟೆಂಟೂ ಸಿಗುತ್ತದೆ, ಔಷಧ ನಿಯಂತ್ರಕರಿಗೆ ಪರಿಚಿತವಾದ ಮಾರ್ಗವೂ ಇದೆ. ಬಂಡವಾಳ ತನ್ನ ಲಾಭದ ದಾರಿ ಹಿಡಿಯುವುದು ಸಹಜ. ಅದನ್ನು ದೂರಿ ಫಲವಿಲ್ಲ. ಆದರೆ ಸಮಾಜಕ್ಕೆ ಅಗತ್ಯವಿದ್ದೂ ಮಾರುಕಟ್ಟೆ ಒದಗಿಸದ ವಸ್ತುವನ್ನು ಸರ್ಕಾರ ಒದಗಿಸಬೇಕು ಎಂಬುದು ನಮಗೆ ಎಂ.ಎ. ತರಗತಿಯಲ್ಲಿ ಹೇಳಿಕೊಟ್ಟ ಮೊದಲ ಪಾಠಗಳಲ್ಲಿ ಒಂದು. ಬಾಯಿಯ ಬ್ಯಾಕ್ಟೀರಿಯಾ ಮತ್ತು ಫೇಜ್‌ಗಳ ಸಂಗ್ರಹ ಅಂಥದೊಂದು ಸಾರ್ವಜನಿಕ ಸ್ವತ್ತು.

ಇದನ್ನು ಹೊರಗಿನಿಂದ ಆಮದು ಮಾಡಿಕೊಳ್ಳಬಹುದಲ್ಲ ಎಂದು ಯಾರಾದರೂ ಕೇಳಬಹುದು. ಪೆನಿಸಿಲಿನ್ನನ್ನು ಎಲ್ಲಿ ಮಾಡಿದರೂ ಪೆನಿಸಿಲಿನ್ನೇ. ಫೇಜ್ ಹಾಗಲ್ಲ. ಕೀಲಿಕೈ ಬೀಗಕ್ಕೆ ಹೊಂದಬೇಕು. ಜೆರುಸಲೇಮಿನ ಚರಂಡಿಯಲ್ಲಿ ಸಿಕ್ಕ ಫೇಜ್ ಬೆಂಗಳೂರಿನ ಬಾಯಲ್ಲಿರುವ ತಳಿಗೆ ನಾಟುತ್ತದೆಂಬ ಖಾತರಿಯಿಲ್ಲ. ನಮ್ಮ ಬೀಗಗಳ ಪಟ್ಟಿಯನ್ನು ನಾವೇ ಮಾಡಬೇಕು.

ಹಾಗೆ ಮಾಡಲು ನಮಗಿರುವಷ್ಟು ಅನುಕೂಲ ಹೆಚ್ಚು ರಾಜ್ಯಗಳಿಗಿಲ್ಲ. ದೇಶದಲ್ಲೇ ಹೆಚ್ಚು ದಂತ ವೈದ್ಯಕೀಯ ಕಾಲೇಜುಗಳಿರುವ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಕೋಟೆಯ ಬಳಿಯ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿಗೆ ದಿನವೂ ಬರುವ ಜನಸಂದಣಿಯನ್ನು ನೋಡಿದವರಿಗೆ ಇದು ಗೊತ್ತು. ಅಲ್ಲಿ ಕೆರೆದು ತೆಗೆದ ಪಾಚಿ, ಕಿತ್ತ ಹಲ್ಲು ಎಲ್ಲವೂ ತ್ಯಾಜ್ಯದ ಚೀಲ ಸೇರುತ್ತವೆ. ಇತ್ತ ಹೆಬ್ಬಾಳದಾಚೆ ಜಿಕೆವಿಕೆ ಆವರಣದಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವಿದೆ, ಮಲ್ಲೇಶ್ವರದ ಪಕ್ಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಿದೆ. ವಂಶವಾಹಿಗಳನ್ನು ಓದುವ ಯಂತ್ರಗಳೂ ಪರಿಣತರೂ ಅಲ್ಲಿದ್ದಾರೆ. ಕಡಲೆ ಇದ್ದವನಿಗೆ ಹಲ್ಲಿಲ್ಲ, ಹಲ್ಲಿದ್ದವನಿಗೆ ಕಡಲೆಯಿಲ್ಲ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಒಂದು ಕಡೆ ಬಾಯಿಗಳಿವೆ, ಇನ್ನೊಂದು ಕಡೆ ಯಂತ್ರಗಳಿವೆ. ನಡುವೆ ಅರ್ಧ ಗಂಟೆಯ ದಾರಿ ಮತ್ತು ಎರಡು ಇಲಾಖೆಗಳು.

ಆಗಬೇಕಾದ ಕೆಲಸಗಳನ್ನು ಹೇಳುತ್ತೇನೆ. ಮೊದಲನೆಯದು, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಆಶ್ರಯದಲ್ಲಿ, ಆಯ್ದ ಕೆಲವು ದಂತ ಕಾಲೇಜುಗಳಲ್ಲಿ ಜೊಲ್ಲು ಮತ್ತು ಪಾಚಿಯ ಮಾದರಿಗಳನ್ನು ಶೈತ್ಯಾಗಾರದಲ್ಲಿ ಕಾಪಿಡುವ ಒಂದು ಭಂಡಾರ. ರೋಗಿಯ ಊಟ, ಎಲೆಯಡಿಕೆ, ಹೊಗೆಸೊಪ್ಪು, ಈಚೆಗೆ ತೆಗೆದುಕೊಂಡ ಔಷಧಿ ಇವಿಷ್ಟನ್ನು ಒಂದು ಪುಟದಲ್ಲಿ ದಾಖಲಿಸಿದರೆ ಸಾಕು. ಎರಡನೆಯದು, ಅದನ್ನು ವಿಶ್ಲೇಷಿಸಲು ದಂತ ಕಾಲೇಜು ಮತ್ತು ಸಂಶೋಧನಾ ಸಂಸ್ಥೆ ಜಂಟಿಯಾಗಿ ಅರ್ಜಿ ಹಾಕಿದರೆ ಮಾತ್ರ ದೊರೆಯುವಂಥ ಅನುದಾನ. ಒಂಟಿಯಾಗಿ ಕೊಟ್ಟ ಹಣ ಒಂಟಿಯಾಗಿಯೇ ಖರ್ಚಾಗುತ್ತದೆ ಎಂಬುದು ನನ್ನ ಸೇವಾನುಭವ. ಮೂರನೆಯದು, ಮಾದರಿ ಕೊಟ್ಟವನ ಒಪ್ಪಿಗೆ ಮತ್ತು ಗೋಪ್ಯತೆ. ಜೊಲ್ಲಿನಲ್ಲಿ ವೈರಸ್ ಅಷ್ಟೇ ಅಲ್ಲ, ಮನುಷ್ಯನ ಸ್ವಂತ ವಂಶವಾಹಿಯೂ ಇರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017ರಲ್ಲಿ ಹೊರತಂದ ನೈತಿಕ ಮಾರ್ಗಸೂಚಿ ಇದ್ದೇ ಇದೆ; ಅದನ್ನು ಕಾಗದದಲ್ಲಿ ಉಳಿಯಲು ಬಿಡದೆ ಪಾಲಿಸಬೇಕು.

ನಾಲ್ಕನೆಯದು ಕಾನೂನಿನ ವಿಷಯ. ನಮ್ಮ ಔಷಧ ನಿಯಮಗಳ ‘ಸಿ’ ಅನುಸೂಚಿಯಲ್ಲಿ ಲಸಿಕೆ, ಇನ್ಸುಲಿನ್‌ಗಳ ಸಾಲಿನಲ್ಲೇ ‘ಬ್ಯಾಕ್ಟೀರಿಯೊಫೇಜ್’ ಎಂಬ ಪದ ಇಂದಿಗೂ ಇದೆ. ಅದನ್ನು ಓದಿದಾಗ ಹಳೆಯ ಕಡತದಲ್ಲಿ ಮರೆತುಹೋದ ಆದೇಶವೊಂದು ಸಿಕ್ಕ ಹಾಗಾಯಿತು. ಪದವಿದೆ, ಒಬ್ಬೊಬ್ಬ ರೋಗಿಯ ಬ್ಯಾಕ್ಟೀರಿಯಾಕ್ಕೆ ತಕ್ಕಂತೆ ಫೇಜ್ ಆಯ್ದು ಕೊಡಬೇಕಾದಾಗ ಆಸ್ಪತ್ರೆ ಅನುಸರಿಸಬೇಕಾದ ಸುಗಮ ಮಾರ್ಗ ಬೇಕಾಗಿದೆ. ಬೆಲ್ಜಿಯಂ 2018ರಿಂದ ಅಂಥ ಒಂದು ಮಾರ್ಗವನ್ನು ಅನುಸರಿಸುತ್ತಿದೆ: ವೈದ್ಯರ ಚೀಟಿಯ ಮೇಲೆ ಔಷಧಶಾಲೆಯಲ್ಲೇ ಫೇಜ್ ಔಷಧಿ ಸಿದ್ಧವಾಗುತ್ತದೆ, ಅದರ ಗುಣಮಟ್ಟವನ್ನು ಮಾನ್ಯತೆ ಪಡೆದ ಪ್ರಯೋಗಾಲಯ ದೃಢೀಕರಿಸುತ್ತದೆ. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ವೈದ್ಯರು ವಾಸಿಯಾಗದ ಗಾಯಗಳಿಗೆ ಫೇಜ್ ಬಳಸಿ ಅನುಭವ ಪಡೆದಿದ್ದಾರೆ. ಕೇಂದ್ರ ಸರ್ಕಾರ ಇವನ್ನೆಲ್ಲ ಮುಂದಿಟ್ಟುಕೊಂಡು ಒಂದು ನಿಯಮಾವಳಿಯನ್ನು ರಚಿಸುವುದು ಕಷ್ಟವೇನಲ್ಲ.

ಕೊನೆಯದು, ಆದರೆ ತತ್‌ಕ್ಷಣ ಆಗಬೇಕಾದದ್ದು, ಚೀಟಿಯಿಲ್ಲದ ಆಂಟಿಬಯೋಟಿಕ್ ಮಾರಾಟಕ್ಕೆ ತಡೆ. ಇದಕ್ಕೆ ಸಂಶೋಧನೆಯೂ ಬೇಡ, ಹೊಸ ಕಾಯ್ದೆಯೂ ಬೇಡ. ನೆರೆಯ ಕೇರಳ 2018ರಲ್ಲೇ ಈ ಸಮಸ್ಯೆಗೆ ರಾಜ್ಯಮಟ್ಟದ ಕ್ರಿಯಾಯೋಜನೆ ರೂಪಿಸಿದ ಮೊದಲ ರಾಜ್ಯವಾಯಿತು. 2024ರಲ್ಲಿ ಔಷಧಿ ಅಂಗಡಿಗಳ ಮೇಲೆ ವಿಶೇಷ ತಪಾಸಣೆಯನ್ನೂ ಆರಂಭಿಸಿತು. ನಾವು ಅದನ್ನು ಅನುಸರಿಸಲು ನಾಚಬೇಕಾಗಿಲ್ಲ.

ಕುಡಿಯುವ ನೀರಿಗೇ ಪರದಾಡುವ ಊರುಗಳಿರುವ ರಾಜ್ಯದಲ್ಲಿ ಜೊಲ್ಲಿನ ವೈರಸ್ ಎಣಿಸುವುದು ಶ್ರೀಮಂತರ ಹವ್ಯಾಸವಲ್ಲವೇ ಎಂಬ ಆಕ್ಷೇಪ ಬರುವುದು ಖಚಿತ. ಹಣಕಾಸಿನ ಕಡತಗಳ ಮೇಲೆ ನಾನೂ ಹಿಂದೆ ಇಂಥ ಟಿಪ್ಪಣಿ ಬರೆದವನೇ. ಇಂದು ಬರೆಯಲಾರೆ. ಜಗತ್ತಿನಲ್ಲಿ ಸುಮಾರು 350 ಕೋಟಿ ಜನ ಬಾಯಿಯ ಒಂದಿಲ್ಲೊಂದು ರೋಗದಿಂದ ನರಳುತ್ತಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ಅವರಲ್ಲಿ ಬಡವರೇ ಹೆಚ್ಚು. ಹಲ್ಲಿನ ವೈದ್ಯರಿಗಿಂತ ಔಷಧಿ ಅಂಗಡಿಯೇ ಅವರಿಗೆ ಹತ್ತಿರ. ಬಡ ಹಿರಿಯರಿಗೆ ಕೃತಕ ದಂತಪಂಕ್ತಿ ಒದಗಿಸುವ ‘ದಂತಭಾಗ್ಯ’ ಯೋಜನೆಯನ್ನು ನಮ್ಮ ರಾಜ್ಯ 2014ರಲ್ಲಿ ಆರಂಭಿಸಿತು. ಅದು ಒಳ್ಳೆಯ ಕೆಲಸವೇ. ಆದರೆ ಹಲ್ಲು ಉದುರಿದ ಮೇಲೆ ಹಣ ಕೊಡುವ ಸರ್ಕಾರ, ಹಲ್ಲು ಏಕೆ ಉದುರಿತು ಎಂದು ತಿಳಿಯಲು ಅದರ ಸಣ್ಣದೊಂದು ಪಾಲನ್ನು ವೆಚ್ಚ ಮಾಡುವುದು ಅಪವ್ಯಯವಾಗದು.

ಮೂರು ದಶಕಗಳಿಗೂ ಮೀರಿದ ನನ್ನ ಸೇವೆಯಲ್ಲಿ ಆಸ್ಪತ್ರೆ ಕಟ್ಟಡಗಳ, ಆಂಬುಲೆನ್ಸುಗಳ, ಔಷಧಿ ಖರೀದಿಯ ಕಡತಗಳು ನನ್ನ ಮೇಜನ್ನು ಹಾದುಹೋಗಿವೆ. ಬಾಯಿಯ ಆರೋಗ್ಯವೆಂಬ ತಲೆಬರಹದ ಕಡತವೊಂದು ಬಂದ ನೆನಪು ನನಗಿಲ್ಲ. ನಾನಾಗಿ ತೆರೆದದ್ದೂ ಇಲ್ಲ. ಈಗ ಅಂಥ ಅಧಿಕಾರ ಇರುವವರು ಅದನ್ನು ತೆರೆಯಲಿ. ಅದರ ಮೊದಲ ಪುಟದಲ್ಲಿ ಬರೆಯಬೇಕಾದ ಪ್ರಶ್ನೆ ಅಕ್ಕನ ಹಾಸಿಗೆಯ ಪಕ್ಕದಲ್ಲಿ ವೈದ್ಯರು ಕೇಳಿದ್ದೇ ಆಗಿರಲಿ: ವಸಡಿನಲ್ಲಿ ರಕ್ತ ಬರುತ್ತಿತ್ತೇ?